ಮೈಯೆಲ್ಲ ನಾಲಗೆಯಾದ ಮೀನು

ರುಚಿ ಎಂದೊಡನೆ ನಮಗೆ ನೆನಪಾಗುವುದು ನಾಲಗೆ. ಉಪ್ಪು, ಹುಳಿ, ಸಿಹಿ, ಕಹಿಗಳನ್ನು ಬಾಯೊಳಗೆ ಇಟ್ಟಲ್ಲದೆ ನಾವು ಅರಿಯಲಾರೆವು. ಆದರೆ ಕೆಸರುನೀರಿನಲ್ಲಿ ಬಾಳುವ ಮೀಸೆಮೀನುಗಳಿಗೆ ಈ ಕಟ್ಟಿಲ್ಲ. ನಮ್ಮ ಹೊಳೆ, ಗದ್ದೆಗಳ ಮುಗುಡು ಈ ವರ್ಗಕ್ಕೇ ಸೇರಿದುದು. ಅಮೇರಿಕದ ನದಿಗಳ ಒಂದು ಜಾತಿಯ ಮೀಸೆಮೀನಿನ ತುಟಿ, ಮೀಸೆ, ಬೆನ್ನು, ಬಾಲಗಳ ಮೇಲೆಲ್ಲ ರುಚಿಮೊಗ್ಗುಗಳು ಹರಡಿವೆ. ಅವುಗಳ ಸಂಖ್ಯೆ ಒಂದು ಲಕ್ಷಕ್ಕೂ ಮಿಗಿಲು. ಮನುಷ್ಯನ ಬಾಯಲ್ಲಿರುವುವು ಕೆಲವು ಸಾವಿರ ಮಾತ್ರ.

ರುಚಿಮೊಗ್ಗು ಎಂದರೇನು? ಹೂವಿನ ಮೊಗ್ಗಿನಂತೆ ಒತ್ತಾಗಿ ಕೂಡಿದ ಜೀವಕೋಶಗಳ ಗುಂಪು. ಈ ಕೋಶಗಳ ತುದಿಯು ನೀರಿಗೆ ತೆರೆದುಕೊಂಡಿರುತ್ತದೆ. ಆ ತುದಿಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಬೀಗಕ್ಕೆ ಅದರದೇ ಕೀಲಿಕೈ ಹೊಂದುವಂತೆ, ನೀರಿನಲ್ಲಿ ಕರಗಿದ ವಸ್ತುವಿನ ಅಣುವು ತಕ್ಕ ಗ್ರಾಹಕವನ್ನು ಕೂಡಿದಾಗ ಕೋಶವು ಉದ್ರೇಕಗೊಳ್ಳುತ್ತದೆ. ನರದ ಮೂಲಕ ಆ ವಾರ್ತೆ ಮಿದುಳನ್ನು ಸೇರುತ್ತದೆ. ಹುಳು, ಸಣ್ಣ ಮೀನು ಮೊದಲಾದ ಆಹಾರದಿಂದ ಅಮಿನೋ ಆಮ್ಲಗಳು ನೀರಿಗೆ ಸೋರುತ್ತವೆ. ಮೀಸೆಮೀನಿಗೆ ಅವೇ ಊಟದ ಕರೆ. ೧೯೭೫ರಲ್ಲಿ ಜಾನ್ ಕ್ಯಾಪ್ರಿಯೊ ಎಂಬ ವಿಜ್ಞಾನಿ ಈ ಮೀನಿನ ನರಗಳ ವಿದ್ಯುತ್ಸಂಕೇತಗಳನ್ನು ಅಳೆದು ತೋರಿಸಿದನು: ಅಲನೀನ್ ಎಂಬ ಅಮಿನೋ ಆಮ್ಲದ ಒಂದು ಗ್ರಾಮನ್ನು ಒಂದು ಕೋಟಿ ಲೀಟರು ನೀರಿನಲ್ಲಿ ಕರಗಿಸಿದರೂ ಅದರ ಮೀಸೆ ಅರಿಯಬಲ್ಲುದು!

ಕಣ್ಣು ಕಾಣದ ಕದಡು ನೀರಿನಲ್ಲಿ ಈ ಶಕ್ತಿಯೇ ಅದರ ದಾರಿದೀಪ. ಜಾನ್ ಬಾರ್ಡಾಕ್ ಮತ್ತು ಸಂಗಡಿಗರು ೧೯೬೭ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೂಗಿನ ಶಕ್ತಿ ಕಳೆದ ಮೀನು ರುಚಿಯೊಂದರಿಂದಲೇ ದೂರದ ವಸ್ತುವಿನ ದಿಕ್ಕನ್ನು ಹಿಡಿಯಿತು. ಒಂದು ಪಕ್ಕದ ರುಚಿಶಕ್ತಿಯನ್ನು ಕಳೆದಾಗಲೋ, ಉಳಿದ ಪಕ್ಕದ ಕಡೆಗೇ ತಿರುತಿರುಗಿ ಸುತ್ತತೊಡಗಿತು.

ಆದರೆ ನೀರಿಗೆ ತೆರೆದ ಬಾಗಿಲಿನಲ್ಲಿ ಅನ್ನದ ಸುದ್ದಿಯಂತೆಯೇ ವಿಷವೂ ಒಳಬರುತ್ತದೆ. ಅದೇ ಬಾರ್ಡಾಕ್, ಇನ್ನಿಬ್ಬರೊಡನೆ, ೧೯೬೫ರಲ್ಲಿ ಬಟ್ಟೆ ಒಗೆಯುವ ಮಾರ್ಜಕಗಳನ್ನು ಪರೀಕ್ಷಿಸಿದ್ದನು. ಸಾವಿರ ಲೀಟರು ನೀರಿಗೆ ಅರ್ಧ ಗ್ರಾಂ ಮಾರ್ಜಕ ಬೆರೆತಿದ್ದರೆ ಸಾಕು, ಮೀಸೆಮೀನಿನ ರುಚಿಮೊಗ್ಗುಗಳು ಸವೆದುಹೋಗುತ್ತಿದ್ದುವು. ಬೇಗ ಕೊಳೆತುಹೋಗುವ ಮಾರ್ಜಕವಾಗಲಿ, ಬಹುಕಾಲ ಉಳಿಯುವ ಮಾರ್ಜಕವಾಗಲಿ, ಎರಡರದೂ ಇದೇ ಪರಿಣಾಮ. ಬಳಿಕ ಆರು ವಾರ ಮಾರ್ಜಕವಿಲ್ಲದ ನೀರಿನಲ್ಲಿಟ್ಟರೂ ಕೆಟ್ಟ ಮೊಗ್ಗುಗಳು ಚೇತರಿಸಲಿಲ್ಲ.

ಇಲ್ಲಿ ನಾವು ಕಲಿಯತಕ್ಕ ಪಾಠವೊಂದಿದೆ. ಮೀನು ಸತ್ತು ತೇಲಿದಾಗ ಮಾತ್ರ ನೀರು ಕೆಟ್ಟಿತೆಂದು ನಾವು ತಿಳಿಯುತ್ತೇವೆ. ಸಾಯದೆ, ಈಜುತ್ತಲೇ ಇದ್ದು, ಎದುರಿಗಿರುವ ಅನ್ನವನ್ನು ಅರಿಯಲಾರದ ಮೀನು ನಮ್ಮ ಕಣ್ಣಿಗೆ ಆರೋಗ್ಯವಾಗಿಯೇ ಕಾಣುತ್ತದೆ. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ.

ಚಂದ್ರಗಿರಿ, ಶಿರಿಯ ಹೊಳೆಗಳ ನಾಡಿನ ಮಕ್ಕಳೂ ಪಾಲಕರೂ ಇದನ್ನು ಮನಸ್ಸಿನಲ್ಲಿಡಬೇಕು. ಬಟ್ಟೆ ಒಗೆದ ನೊರೆನೀರನ್ನು ಹೊಳೆಗೆ ಬಿಡದೆ ದಡದಿಂದ ದೂರ ನೆಲಕ್ಕೆ ಚೆಲ್ಲುವುದು, ಮಾರ್ಜಕವನ್ನು ಬೇಕಾದಷ್ಟೇ ಬಳಸುವುದು ಕಷ್ಟದ ಕೆಲಸಗಳಲ್ಲ. ನಮಗೆ ಕೊಳೆ ತೊಳೆಯುವ ಪುಡಿ ಮೂಕಪ್ರಾಣಿಯ ಅನ್ನದ ದಾರಿಯನ್ನೇ ತೊಳೆದುಹಾಕದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.