ಬೀಜದ ಚೀಲದ ಮೇಲಿನ ಚೀಟಿ



ಈ ಸಲದ ಗೋಡೆ ಪತ್ರಿಕೆಗೆ ನಾನು ಬೀಜದ ವಿಷಯ ಆರಿಸಿಕೊಂಡಿದ್ದೇನೆ. ಬೀಜ ಹೇಗೆ ಮೊಳೆಯುತ್ತದೆ ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಆದರೆ ಅಂಗಡಿಯಲ್ಲಿ ಬೀಜ ಮಾರುವುದಕ್ಕೆ ಏನು ಕಟ್ಟಳೆ ಇದೆ, ಕೊಂಡವರು ಮೋಸ ಹೋದರೆ ಯಾರನ್ನು ಕೇಳಬೇಕು ಅನ್ನೋದು ನಮ್ಮ ಯಾವ ಪಾಠದಲ್ಲೂ ಬಂದಿಲ್ಲ. ನಮ್ಮ ಕೆಂಗಲ್ ಕಡೆ ಮನೆಮನೆಗೂ ಬೇಕಾದ ವಿಷಯ ಇದು.

ಕೆಂಗಲ್ ಆಂಜನೇಯನ ದನಗಳ ಜಾತ್ರೆ ನೀವೆಲ್ಲ ನೋಡಿದ್ದೀರಿ. ಅಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾರೆ. ಆಮೇಲೆ ಟವಲ್ ಕೆಳಗೆ ಕೈ ಇಟ್ಟು ವ್ಯಾಪಾರ. ಬೀಜಕ್ಕೆ ಹಲ್ಲಿಲ್ಲ, ಸುಳಿಯಿಲ್ಲ. ಸತ್ತ ರಾಗಿ ಕಾಳು, ಬದುಕಿರುವ ರಾಗಿ ಕಾಳು ಅಂಗೈಯಲ್ಲಿ ಒಂದೇ ಥರ ಕಾಣುತ್ತವೆ. ಒಳ್ಳೆ ತಳಿ, ಬೆರಕೆ ತಳಿ ಎಂಬ ವ್ಯತ್ಯಾಸ ತೆನೆ ಬಂದ ಮೇಲೆಯೇ ತಿಳಿಯೋದು. ಅಷ್ಟು ಹೊತ್ತಿಗೆ ಮಳೆ, ಗೊಬ್ಬರ, ಕೂಲಿ ಎಲ್ಲಾ ಮುಗಿದಿರುತ್ತದೆ. ಕೊಳ್ಳುವಾಗ ನೋಡಿ ತಿಳಿಯಲಾಗದ ಪದಾರ್ಥವಾದ್ದರಿಂದಲೇ ಬೀಜಕ್ಕೆ ಕಾಯಿದೆ ಬಂತು.

ಇದನ್ನು ಅರ್ಥಮಾಡಿಕೊಳ್ಳಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಸೀಮೆಯ ರೇಷ್ಮೆ ಮೊಟ್ಟೆಯನ್ನೇ ತೆಗೆದುಕೊಳ್ಳಿ. ನಾವು ಅದನ್ನು ಬಿತ್ತನೆ ಅಂತಲೇ ಕರೀತೀವಿ, ಅದನ್ನು ತಯಾರು ಮಾಡುವ ಜಾಗಕ್ಕೆ ಬಿತ್ತನೆ ಕೋಠಿ ಅಂತೀವಿ. ರೇಷ್ಮೆ ಹುಳುವಿಗೆ ಗಂಟು ರೋಗ ಎಂಬುದೊಂದು ಬರುತ್ತದೆ. ಇದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ ಇಳಿಯುವ ರೋಗ. ಮೊಟ್ಟೆ ಹಾಳೆಯನ್ನು ಎಷ್ಟು ತಿರುಗಿಸಿ ನೋಡಿದರೂ ಕಾಣುವುದಿಲ್ಲ. ಹುಳು ಸಾಕಿ, ಸೊಪ್ಪು ಹಾಕಿ, ನಿದ್ದೆಗೆಟ್ಟ ಮೇಲೆ ಚಂದ್ರಿಕೆಗೆ ಬಿಡೋ ಹೊತ್ತಿಗೆ ಬೆಳೆಯೇ ಇಲ್ಲ ಅಂತ ಗೊತ್ತಾಗುತ್ತದೆ. ಫ್ರಾನ್ಸ್ ದೇಶದಲ್ಲಿ ಈ ರೋಗ ರೇಷ್ಮೆ ಬೆಳೆಗಾರರನ್ನು ಬೀದಿಗೆ ತಂದಾಗ 1865ರಲ್ಲಿ ಲೂಯಿ ಪಾಶ್ಚರ್ ಅವರನ್ನು ಅಲ್ಲಿಗೆ ಕಳಿಸಿದರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದ ಪಾಶ್ಚರ್ ಅವರೇ ಇವರು. ಅವರು ತೋರಿಸಿದ ದಾರಿ ಬಹಳ ಸರಳ. ಮೊಟ್ಟೆಯನ್ನು ನೋಡಬೇಡಿ, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ತಾಯಿಯಲ್ಲಿ ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಿ. ಇವತ್ತಿಗೂ ಬಿತ್ತನೆ ಕೋಠಿಗಳ ಪರೀಕ್ಷೆಗೆ ಇದೇ ಬುನಾದಿ.

ನಮ್ಮ ರಾಜ್ಯದಲ್ಲಿ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ಮಾರಾಟ ನಿಯಂತ್ರಿಸುವ ಕಾಯಿದೆ 1959ರಲ್ಲೇ ಬಂತು. ಪರವಾನಗಿ ಇಲ್ಲದೆ ಮೊಟ್ಟೆ ತಯಾರಿಸಿ ಮಾರುವಂತಿಲ್ಲ. ಮಾಗಡಿ, ಕುಣಿಗಲ್ ಕಡೆ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಪ್ರದೇಶವೇ ಬೇರೆ ಇದೆ. ಇಡೀ ದೇಶದ ಬೀಜ ಕಾಯಿದೆ ಬಂದದ್ದು 1966ರಲ್ಲಿ. ಅಂದರೆ ರಾಗಿ ಬೀಜಕ್ಕಿಂತ 7 ವರ್ಷ ಮುಂಚೆ ರೇಷ್ಮೆ ಮೊಟ್ಟೆಗೆ ಕಟ್ಟಳೆ ಬಂದಿತ್ತು. ಇದು ನನಗೆ ಬಹಳ ಹೆಮ್ಮೆ ಅನ್ನಿಸಿತು.

ಈಗ ಬೀಜದ ಚೀಲಕ್ಕೆ ಬರೋಣ. ಚೀಲದ ಬಾಯಿಗೆ ಸೇರಿಸಿ ಹೊಲಿದ ಚೀಟಿ ನೋಡಿದ್ದೀರಲ್ಲ, ಅದರ ಬಣ್ಣಕ್ಕೆ ಅರ್ಥವಿದೆ. ಒಂದು ತಳಿಯನ್ನು ಕಂಡುಹಿಡಿದ ವಿಜ್ಞಾನಿಗಳ ಕೈಯಲ್ಲೇ ಬೆಳೆದ ಬೀಜಕ್ಕೆ ತಳಿವರ್ಧಕ ಬೀಜ ಎನ್ನುತ್ತಾರೆ, ಅದಕ್ಕೆ ಹಳದಿ ಚೀಟಿ. ಅದನ್ನು ಬಿತ್ತಿ ಬೆಳೆದದ್ದು ಮೂಲ ಬೀಜ, ಬಿಳಿ ಚೀಟಿ. ಮೂಲ ಬೀಜ ಬಿತ್ತಿ ಬೆಳೆದದ್ದು ಪ್ರಮಾಣಿತ ಬೀಜ, ಅದಕ್ಕೆ ನೀಲಿ ಚೀಟಿ. ನಮಗೆ ಸಿಗೋದು ಹೆಚ್ಚಾಗಿ ಈ ಕೊನೆಯದು. ನೀಲಿ ಚೀಟಿ ಬರಬೇಕಾದರೆ ಬೀಜ ಪ್ರಮಾಣನ ಸಂಸ್ಥೆಯವರು ಬೆಳೆ ಹೊಲದಲ್ಲಿ ಇರುವಾಗಲೇ ಬಂದು ನೋಡಬೇಕು. ಬೆರಕೆ ಗಿಡ ಇದೆಯೇ, ಪಕ್ಕದ ಹೊಲ ಎಷ್ಟು ದೂರ ಇದೆ ಎಂದು ಪರೀಕ್ಷಿಸುತ್ತಾರೆ. ರಾಗಿಗೆ 3 ಮೀಟರ್ ಅಂತರ ಸಾಕು, ಯಾಕೆಂದರೆ ರಾಗಿ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಮುಸುಕಿನ ಜೋಳದ ಪುಡಿ ಗಾಳಿಯಲ್ಲಿ ಹಾರುವುದರಿಂದ ಹೈಬ್ರಿಡ್ ಬೀಜ ಬೆಳೆಯೋ ಹೊಲಕ್ಕೆ ಸಾಮಾನ್ಯವಾಗಿ 200 ಮೀಟರ್ ಬೇಕು. ಆಮೇಲೆ ಕಾಳನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಪ್ರಮಾಣಿತ ರಾಗಿ ಬೀಜದ ತೂಕದಲ್ಲಿ ನೂರಕ್ಕೆ 97 ಪಾಲು ಶುದ್ಧ ರಾಗಿ ಇರಬೇಕು, ನೂರು ಕಾಳಿಗೆ 75 ಮೊಳೆಯಬೇಕು. ಭತ್ತಕ್ಕೆ 80 ಮೊಳೆಯಬೇಕು.

ಗಮನಿಸಿದಿರಾ? ಇಲ್ಲೂ ಚಿಟ್ಟೆಯ ಕಥೆಯೇ. ತಾಯಿ ಬೆಳೆಯನ್ನು ನೋಡಿ ಮಗುವಿಗೆ ಚೀಟಿ ಕೊಡುವುದು. ಚೀಟಿಯಲ್ಲಿರುವ ಲಾಟ್ ಸಂಖ್ಯೆ ಹಿಡಿದು ಹೋದರೆ ಆ ಬೀಜ ಯಾವ ಹೊಲದ್ದು, ಯಾರು ಪರೀಕ್ಷಿಸಿದರು ಎಂಬ ತನಕ ಹೋಗಬಹುದು. ಚೀಟಿ ಕಿತ್ತರೆ ಆ ದಾರಿ ಅಲ್ಲಿಗೇ ಮುಚ್ಚಿತು.

ಇನ್ನೊಂದು ಬಣ್ಣ ಇದೆ, ಹಸಿರು. ಇದನ್ನು ನಿಜಚೀಟಿ ಬೀಜ ಎನ್ನುತ್ತಾರೆ. ಇದಕ್ಕೆ ಪ್ರಮಾಣನ ಸಂಸ್ಥೆಯ ಪರೀಕ್ಷೆ ಇಲ್ಲ. ಮಾರುವವರೇ ತಮ್ಮ ಬೀಜ ಇಷ್ಟು ಮೊಳೆಯುತ್ತದೆ, ಇಷ್ಟು ಶುದ್ಧ ಎಂದು ಬರೆದು ಅದಕ್ಕೆ ಜವಾಬ್ದಾರರಾಗುತ್ತಾರೆ. ಅಂಗಡಿಯಲ್ಲಿರುವ ಬೀಜವೆಲ್ಲ ಸರ್ಕಾರ ಪರೀಕ್ಷೆ ಮಾಡಿದ್ದು ಅಂತ ನಮ್ಮೂರಲ್ಲಿ ಬಹಳ ಜನ ನಂಬಿದ್ದಾರೆ. ಹಾಗಲ್ಲ. 1966ರ ಕಾಯಿದೆಯಲ್ಲಿ ಪ್ರಮಾಣನ ಮಾಡಿಸುವುದು ಮಾರುವವರ ಇಷ್ಟಕ್ಕೆ ಬಿಟ್ಟದ್ದು. ಅದರ ಹೆಚ್ಚಿನ ನಿಯಮಗಳೂ ಸರ್ಕಾರ ಅಧಿಸೂಚನೆ ಹೊರಡಿಸಿದ ತಳಿಗಳಿಗೆ ಮಾತ್ರ. ಹಸಿರು ಚೀಟಿಯದೆಲ್ಲ ಕೆಟ್ಟದ್ದು ಎಂದು ನಾನು ಹೇಳ್ತಾ ಇಲ್ಲ, ಒಳ್ಳೆ ಬೀಜವೂ ಅದರಲ್ಲಿ ಬರುತ್ತದೆ. ಆದರೆ ಅದು ಮಾರುವವರ ಮಾತು, ನೀಲಿ ಚೀಟಿ ಮೂರನೆಯವರ ಮಾತು.

(ಚೀಟಿಯಲ್ಲಿ ವಿಷ ಎಂದು ಬರೆದಿದ್ದರೆ ಬೀಜಕ್ಕೆ ಔಷಧಿ ಲೇಪಿಸಿದ್ದಾರೆ ಎಂದರ್ಥ. ಬಿತ್ತಿ ಮಿಕ್ಕಿದ್ದನ್ನು ತೊಳೆದು ಕೋಳಿಗೆ ಹಾಕೋದು, ಬೀಸಿಸೋದು ಮಾಡಬಾರದು. ಅಮ್ಮಂದಿರಿಗೆ ಇದನ್ನು ಓದಿ ಹೇಳಿ.)

ಸಸಿಗಳ ವಿಷಯ ಇನ್ನೂ ಕಷ್ಟ. ನಮ್ಮ ದೊಡ್ಡಪ್ಪ ಒಂದು ಸಲ ಗಾಡಿಯಲ್ಲಿ ಮಾರಿಕೊಂಡು ಬಂದವರ ಹತ್ತಿರ ಬಾದಾಮಿ ಮಾವು ಅಂತ ಮೂವತ್ತು ಕಸಿ ಸಸಿ ತಗೊಂಡ್ರು. ಕಸಿ ಮಾಡಿದ ಗಂಟು ಎಲ್ಲದರಲ್ಲೂ ಸರಿಯಾಗಿಯೇ ಇತ್ತು. ಗುಣಿ ತೋಡಿ, ಗೊಬ್ಬರ ಹಾಕಿ, ಬೇಸಿಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು. ಐದನೇ ವರ್ಷ ಕಾಯಿ ಕಚ್ಚಿತು. ನೋಡಿದರೆ ಅರ್ಧಕ್ಕೆ ಹೆಚ್ಚು ಮರದಲ್ಲಿ ಉಪ್ಪಿನಕಾಯಿಗೂ ಆಗದ ಸಣ್ಣ ನಾರು ಕಾಯಿ. ದೊಡ್ಡಪ್ಪ ಒಂದು ಹಣ್ಣು ಹಿಂಡಿ ನೋಡಿ, "ಐದು ವರ್ಷ ಇದನ್ನ ಸಾಕಿದ್ನೇನಪ್ಪ" ಅಂದವರು ಆಮೇಲೆ ಮಾತೇ ಆಡಲಿಲ್ಲ. ಮಾರಿದವರ ಊರು ಗೊತ್ತಿಲ್ಲ, ರಸೀದಿ ಕೊಟ್ಟಿರಲಿಲ್ಲ. ಮರ ಕಡಿಯೋಕೆ ಅವರಿಗೆ ಮನಸ್ಸು ಬರಲಿಲ್ಲ, ಬಿಡೋಕೆ ಜಮೀನು ಇಲ್ಲ. ಕೊನೆಗೆ ಕೊಂಬೆ ತರಿಸಿ, ಹೊಸ ಚಿಗುರಿಗೆ ಬಾದಾಮಿ ಕಡ್ಡಿ ತಂದು ಮತ್ತೆ ಕಸಿ ಕಟ್ಟಿಸಿದರು.

ಕಸಿಯಲ್ಲಿ ವಾಟೆಯಿಂದ ಬೆಳೆದ ಗಿಡ ಬೇರು ಮಾತ್ರ ಕೊಡುತ್ತದೆ. ಹಣ್ಣು ಹೇಗಿರಬೇಕು ಎಂಬುದು ಮೇಲೆ ಕಟ್ಟಿದ ಕಡ್ಡಿ ಯಾವ ತಾಯಿ ಮರದ್ದು ಎಂಬುದರ ಮೇಲೆ ನಿಂತಿದೆ. ಎಲೆ ನೋಡಿ ಎಲ್ಲರಿಗೂ ಹೇಳೋಕಾಗಲ್ಲ. ಅದಕ್ಕೇ ತೋಟಗಾರಿಕೆ ಇಲಾಖೆಯ ಕ್ಷೇತ್ರದಲ್ಲೋ, ತಾಯಿ ಮರ ತೋರಿಸುವ ನರ್ಸರಿಯಲ್ಲೋ ಕೊಳ್ಳುವುದು ಉತ್ತಮ. ರಾಷ್ಟ್ರೀಯ ತೋಟಗಾರಿಕೆ ಮಂಡಳಿಯವರು ನರ್ಸರಿಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತಾರೆ.

ಕಾಯಿದೆಯಲ್ಲಿ ಬೀಜ ಎಂದರೆ ಕಾಳು ಮಾತ್ರ ಅಲ್ಲ ಎಂಬುದು ಇಲ್ಲಿ ಮುಖ್ಯ. ಆಹಾರ ಬೆಳೆಯ ಮತ್ತು ದನದ ಮೇವಿನ ಸಸಿ, ಗೆಡ್ಡೆ, ಬೇರು, ಕಡ್ಡಿ, ಎಲ್ಲ ಥರದ ಕಸಿ ಕೂಡ ಬೀಜವೇ. ಹಾಗಾದರೆ ನಾವು ನೆಡುವ ರೇಷ್ಮೆ ಕಡ್ಡಿ? ಪಕ್ಕದ ಕಣ್ವದ ಹೆಸರು ಹೊತ್ತ ಕಣ್ವ-2 ಹಿಪ್ಪುನೇರಳೆ, ಆಮೇಲೆ ಬಂದ ವಿ-1, ಎಲ್ಲವನ್ನೂ ಕಡ್ಡಿಯಿಂದಲೇ ಬೆಳೆಸುವುದು. ಹುಳು ತಿನ್ನುವ ಸೊಪ್ಪು ದನದ ಮೇವು ಆಗುತ್ತದೆಯೇ ಎಂದು ನಾನು ಕೇಳಿದಾಗ ಸಮಾಜ ಮೇಷ್ಟ್ರು ನಕ್ಕು, "ನೀನು ವಕೀಲ ಆಗ್ತೀಯ ಬಿಡು" ಅಂದರು. ಉತ್ತರ ಮಾತ್ರ ಇನ್ನೂ ಬಾಕಿ ಇದೆ.

ಇನ್ನು ಅಂಗಡಿಯ ವಿಷಯ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಬೀಜ ಮಾರುವವರಿಗೆ ಲೈಸೆನ್ಸ್ ಇರಬೇಕು. ದಾಸ್ತಾನು ಎಷ್ಟಿದೆ, ಬೆಲೆ ಎಷ್ಟು ಎಂದು ಬೋರ್ಡು ಹಾಕಬೇಕು. ಕೊಂಡವರಿಗೆ ರಸೀದಿ ಕೊಡಲೇಬೇಕು, ಅದು ಅವರ ದಾಕ್ಷಿಣ್ಯ ಅಲ್ಲ. ಬೆಳೆ ಕೆಟ್ಟು ಅದಕ್ಕೆ ಬೀಜವೇ ಕಾರಣ ಎಂದು ರೈತ ಬರೆದು ದೂರು ಕೊಟ್ಟರೆ ಬೀಜ ನಿರೀಕ್ಷಕರು ವಿಚಾರಣೆ ಮಾಡಬೇಕು. ಬೀಜ ನಿಯಮಗಳ ಪ್ರಕಾರ ಅವರು ರೈತನಿಂದ ಮೊದಲು ಪಡೆಯುವುದು ಮೂರು: ಚೀಟಿ, ಚೀಲ ಮತ್ತು ಮಿಕ್ಕಿದ ಬೀಜ ಇದ್ದಷ್ಟು. ನಾವು ಚೀಟಿಯನ್ನು ಒಲೆಗೆ ಹಾಕಿ, ಚೀಲದಲ್ಲಿ ಹುರುಳಿ ತುಂಬಿ, ಬೀಜವನ್ನೆಲ್ಲ ಬಿತ್ತಿ ಮುಗಿಸಿರುತ್ತೇವೆ.

ಬೀಜವೆಲ್ಲ ಮುಗಿದರೂ ದಾರಿ ಪೂರ್ತಿ ಮುಚ್ಚಿಲ್ಲ. ರಾಷ್ಟ್ರೀಯ ಬೀಜ ನಿಗಮದ ಮೇಲೆ ಆಂಧ್ರದ ರೈತರು ಹೂಡಿದ್ದ ಮೊಕದ್ದಮೆಯಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು, ಬೀಜ ಕೊಂಡ ರೈತ ಗ್ರಾಹಕನೇ, ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಎಂದು ತೀರ್ಪು ಕೊಟ್ಟಿತು. ಕೊಂಡ ಬೀಜವನ್ನೆಲ್ಲ ರೈತ ಬಿತ್ತಿಬಿಡುವುದು ಸಹಜ, ಪರೀಕ್ಷೆಗೆ ಎತ್ತಿಟ್ಟಿರಬೇಕಿತ್ತು ಎಂದು ನಿರೀಕ್ಷಿಸಲಾಗದು ಎಂದೂ ಹೇಳಿತು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿ ಮೌಲ್ಯದವರೆಗಿನ ದೂರಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು. ಆದರೂ ಕೊಂಡದ್ದಕ್ಕೆ ರಸೀದಿ ಇದ್ದರೆ ಮಾತಿಗೆ ಬಲ.

ಇಷ್ಟೆಲ್ಲ ಇದ್ದರೂ 1966ರ ಕಾಯಿದೆ ಬರೆದ ಶಿಕ್ಷೆ ಕೇಳಿದರೆ ನಗು ಬರುತ್ತದೆ. ಮೊದಲ ತಪ್ಪಿಗೆ 500 ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ 1000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳವರೆಗೆ ಸೆರೆಮನೆ, ಇಲ್ಲವೇ ಎರಡೂ. ಇದನ್ನು ಬದಲಿಸಲು 2004ರಲ್ಲಿ ಒಂದು ಮಸೂದೆ, 2019ರಲ್ಲಿ ಒಂದು ಕರಡು ಬಂದವು, ಕಾಯಿದೆ ಆಗಲಿಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮತ್ತೊಂದು ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಅದರಲ್ಲಿ ದೊಡ್ಡ ಅಪರಾಧಕ್ಕೆ 30 ಲಕ್ಷ ರೂಪಾಯಿವರೆಗೆ ದಂಡ ಇತ್ತು. ದಂಡ ಹೆಚ್ಚಾಗಲಿ, ಒಳ್ಳೆಯದೇ. ಆದರೆ ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ. ದೊಡ್ಡಪ್ಪನಂಥವರಿಗೆ ಬೇಕಾದದ್ದು ಕಳೆದುಹೋದ ಬೆಳೆಯ ಪರಿಹಾರ, ಅದೂ ಬೇಗ. ಅದನ್ನು ಕಾಯಿದೆಯಲ್ಲೇ ಸ್ಪಷ್ಟವಾಗಿ ಬರೆಯಬೇಕು ಎಂದು ನನ್ನ ಅಭಿಪ್ರಾಯ.

ಹಾಗಾದರೆ ನಮ್ಮಜ್ಜಿ ಬೂದಿ ಹಚ್ಚಿ ಮಡಕೆಯಲ್ಲಿಟ್ಟ ಅವರೆ ಬೀಜವನ್ನು ಪಕ್ಕದ ಮನೆಗೆ ಕೊಟ್ಟರೆ ತಪ್ಪಾ ಅಂತ ಕೆಲವರು ಕೇಳಬಹುದು. ತಪ್ಪಲ್ಲ. ತಾನೇ ಬೆಳೆದ ಬೀಜವನ್ನು ತನ್ನ ಜಾಗದಲ್ಲೇ ಇನ್ನೊಬ್ಬರಿಗೆ ಬಿತ್ತನೆಗೆಂದು ನೇರವಾಗಿ ಕೊಟ್ಟರೆ, ಮಾರಿದರೆ 1966ರ ಕಾಯಿದೆ ಅಡ್ಡ ಬರುವುದಿಲ್ಲ. ಈ ಹಕ್ಕಿನ ಬಗ್ಗೆ ನಮ್ಮ ರಾಜ್ಯದಲ್ಲಿ ದೊಡ್ಡ ಹೋರಾಟವೇ ನಡೆದಿದೆ. ಬೀಜದ ಮೇಲೆ ಕಂಪನಿಗಳಿಗೆ ಒಡೆತನ ಹೋಗುತ್ತದೆ ಎಂಬ ಆತಂಕದಿಂದ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟರು. ಸುಟ್ಟದ್ದು ಸರಿಯೇ ಎಂದು ನಮ್ಮ ತರಗತಿಯಲ್ಲೇ ಎರಡು ಪಕ್ಷ ಇದೆ. ಆದರೆ ಅವರು ಎತ್ತಿದ ಪ್ರಶ್ನೆ ದೊಡ್ಡದು. 2001ರಲ್ಲಿ ಬಂದ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ರೈತ ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು ಎಂದು ಬರೆದಿದೆ. ಕಂಪನಿಯ ಹೆಸರು, ಗುರುತು ಹಾಕಿ ಮಾತ್ರ ಮಾರುವಂತಿಲ್ಲ.

ಹೈಬ್ರಿಡ್ ಟೊಮೇಟೊ, ಮುಸುಕಿನ ಜೋಳದ ಬೀಜ ಉಳಿಸಿ ಬಿತ್ತಿದರೆ ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ, ಒಂದೊಂದು ಗಿಡ ಒಂದೊಂದು ಥರ. ರಾಗಿಯದು ಹಾಗಲ್ಲ. ಬೆರಕೆ ಗಿಡ ಕಿತ್ತು ಒಳ್ಳೆ ತೆನೆ ಆರಿಸಿದರೆ ಕೆಲವು ವರ್ಷ ಮನೆ ಬೀಜವೇ ನಡೆಯುತ್ತದೆ.

ಮನೆ ಬೀಜವಾಗಲಿ ಅಂಗಡಿ ಬೀಜವಾಗಲಿ, ಬಿತ್ತುವುದಕ್ಕೆ ಹತ್ತು ದಿನ ಮುಂಚೆ ಮೊಳಕೆ ಪರೀಕ್ಷೆ ಮಾಡಿ. ಆರಿಸದೆ ಕೈಗೆ ಸಿಕ್ಕಿದ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಸುರುಳಿ ಸುತ್ತಿ ನೆರಳಲ್ಲಿಡಿ. ಬಟ್ಟೆ ಒಣಗಬಾರದು, ನೀರು ತೊಟ್ಟಿಕ್ಕಲೂಬಾರದು. ಎಂಟನೇ ದಿನ ಬಿಚ್ಚಿ ಬೇರು, ಚಿಗುರು ಎರಡೂ ಸರಿಯಾಗಿ ಬಂದ ಸಸಿ ಮಾತ್ರ ಎಣಿಸಿ. ನಮ್ಮ ಮನೆ ರಾಗಿ ನೂರಕ್ಕೆ 91 ಬಂತು. 75ಕ್ಕಿಂತ ಕಡಿಮೆ ಬಂದು ಅದು ಅಂಗಡಿಯ ಬೀಜವಾಗಿದ್ದರೆ ಬಿತ್ತಬೇಡಿ. ಚೀಟಿ, ರಸೀದಿ, ಚೀಲ ತೆಗೆದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೃಷಿ ಅಧಿಕಾರಿಗಳಿಗೆ ದೂರು ಬರೆದು ಕೊಡಿ. ದೂರಿನ ಇನ್ನೊಂದು ಪ್ರತಿಗೆ ಸಹಿ, ಮೊಹರು ಹಾಕಿಸಿಕೊಂಡು ಬನ್ನಿ. ಅಪ್ಪ ಅಮ್ಮನಿಗೆ ಬರೆಯಲು ಬಾರದಿದ್ದರೆ ನಾವೇ ಬರೆದುಕೊಡಬಹುದು. ದೂರಿನ ಮಾದರಿಯೊಂದನ್ನು ಬರೆದು ಪಕ್ಕದ ಹಾಳೆಯಲ್ಲಿ ಅಂಟಿಸಿದ್ದೇನೆ, ಬೇಕಾದವರು ನೋಡಿ ಇಳಿಸಿಕೊಳ್ಳಿ.