ಸ್ವೀಟ್ ಪೀ ಹೂವಿನ ಬೇಸಾಯ

ಸ್ವೀಟ್ ಪೀ ಎಂಬುದು ಬಟಾಣಿಯ ಕುಟುಂಬಕ್ಕೆ ಸೇರಿದ, ಸುವಾಸನೆಯುಳ್ಳ ಹೂಬಳ್ಳಿ. ಇದರ ತೌರು ಸಿಸಿಲಿ ದ್ವೀಪವು. ಅಲ್ಲಿಯ ಕುಪಾನಿ ಎಂಬ ಸನ್ಯಾಸಿಯು 1699ರಲ್ಲಿ ಇದರ ಬೀಜಗಳನ್ನು ಇಂಗ್ಲೆಂಡಿನ ಉವೆಡೇಲ್ ಎಂಬ ಉಪಾಧ್ಯಾಯರಿಗೆ ಕಳುಹಿಸಿದನು. ಮುಂದೆ ಹೆನ್ರಿ ಎಕ್‌ಫರ್ಡ್ (1823–1905) ಎಂಬವರು ಬಹುವರ್ಷ ಶ್ರಮಪಟ್ಟು, ನಾನಾ ಬಣ್ಣದ ದೊಡ್ಡ ಹೂಗಳ ಜಾತಿಗಳನ್ನು ಸಾಧಿಸಿದರು.

ಕಾಲ. ಸಿಸಿಲಿಯಲ್ಲಿ ಚಳಿಗಾಲವೇ ಮಳೆಗಾಲ, ಬೇಸಗೆಯು ಒಣಬಿಸಿಲಿನದು. ಆದಕಾರಣ ಈ ಬಳ್ಳಿಯು ತಂಪಿನಲ್ಲಿ ಬೆಳೆದು, ಬಿಸಿಲೇರಿದೊಡನೆ ಬಾಡುವುದು. ಬೆಂಗಳೂರು, ಮೈಸೂರುಗಳ ಕಡೆಯಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತಿಂಗಳೊಳಗೆ ಬಿತ್ತಿದರೆ ಚಳಿಗಾಲದಲ್ಲಿ ಹೂಗಳು ದೊರೆಯುವುವು.

ನೆಲ. ಬಿಸಿಲು ಬೀಳುವ, ನೀರು ನಿಲ್ಲದ ಸ್ಥಳವನ್ನು ಆರಿಸಿ, ಒಂದೂವರೆ ಅಡಿ ಆಳಕ್ಕೆ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆಯ ಗೊಬ್ಬರವನ್ನು ಬೆರೆಸತಕ್ಕದ್ದು. ಗೊಬ್ಬರವು ಮಿತಿಮೀರಬಾರದು. ಇದರ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುವು. ಅದರ ಮೇಲೆ ಅತಿಯಾಗಿ ಗೊಬ್ಬರವಿಟ್ಟರೆ ಎಲೆಯು ಹೆಚ್ಚಿ ಹೂವು ಕಡಮೆಯಾಗುವುದು.

ಬಿತ್ತನೆ. ಬೀಜದ ಸಿಪ್ಪೆಯು ಗಟ್ಟಿ. ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಉಬ್ಬದೆ ಉಳಿದ ಬೀಜಗಳ ಸಿಪ್ಪೆಯನ್ನು, ಕಣ್ಣಿಗೆ ಎದುರಾದ ಬದಿಯಲ್ಲಿ ಚಾಕುವಿನಿಂದ ತುಸುವೇ ಗೀರಬೇಕು. ಒಂದು ಅಂಗುಲ ಆಳದಲ್ಲಿ, ನಾಲ್ಕು ಅಂಗುಲಕ್ಕೊಂದರಂತೆ ಬಿತ್ತಬೇಕು. ಈ ಬೀಜಗಳು ಬಟಾಣಿಯಂತೆ ಕಂಡರೂ ವಿಷವುಳ್ಳವು. ಅವನ್ನು ಎಂದಿಗೂ ಬಾಯಿಗೆ ಹಾಕಬಾರದು. ಚಿಕ್ಕ ಮಕ್ಕಳ ಕೈಗೆ ಸಿಕ್ಕದಂತೆ ಇಡತಕ್ಕದ್ದು.

ಚಿವುಟುವಿಕೆ. ಸಸಿಗೆ ಮೂರು ನಾಲ್ಕು ಜೊತೆ ಎಲೆಗಳಾದಾಗ ತುದಿಯ ಕುಡಿಯನ್ನು ಚಿವುಟಬೇಕು. ಎಳೆಯ ಸಸಿಗೆ ಇದು ಹಿಂಸೆಯೆಂದು ತೋರಬಹುದು. ಆದರೆ ಒಂದು ಕುಡಿ ಹೋದ ಮೇಲೆ ಪಕ್ಕದಿಂದ ಹಲವು ಕುಡಿಗಳು ಹೊರಟು ಬಳ್ಳಿಯು ಪೊದೆಯಾಗುವುದು. ಅನಂತರ ಐದಾರಡಿ ಎತ್ತರದ ಕವಲುಕಡ್ಡಿಗಳನ್ನು ನೆಟ್ಟರೆ, ಎಲೆಯ ತುದಿಯ ತಂತುಗಳಿಂದ ಅದು ತಾನೇ ಹಿಡಿದು ಏರುವುದು.

ಹೂ ಕೊಯ್ಯುವಿಕೆ. ಬೇಸಾಯದ ಮುಖ್ಯ ಮರ್ಮವು ಇದೇ. ಸ್ವೀಟ್ ಪೀ ಒಂದೇ ವರ್ಷ ಬಾಳುವ ಗಿಡ. ಬೀಜವನ್ನು ಬಿಟ್ಟುಹೋಗುವುದೇ ಅದರ ಜೀವನದ ಗುರಿ. ಕಾಯಿ ಬಲಿಯಿತೆಂದರೆ ಗಿಡದ ಸಾರವೆಲ್ಲವೂ ಬೀಜಕ್ಕೆ ಹೋಗಿ, ಹೊಸ ಮೊಗ್ಗು ನಿಲ್ಲುವುದು. ಅಂದವು ಕೆಡುವುದೆಂದು ಹೂಗಳನ್ನು ಬಳ್ಳಿಯಲ್ಲಿಯೇ ಉಳಿಸುವವಳ ತೋಟವು ಬೇಗನೆ ಬರಿದಾಗುವುದು. ಎರಡು ದಿನಕ್ಕೊಮ್ಮೆ ಕೊಯ್ದು ರೋಗಿಗಳಿಗೂ ನೆರೆಯವರಿಗೂ ಹಂಚುವವಳ ತೋಟವು ವಾರಗಟ್ಟಲೆ ಅರಳುತ್ತಿರುವುದು. ಹೂವಿನ ಕಾಲವು ಮುಗಿಯುತ್ತಿರುವಾಗ ಮಾತ್ರ, ಬರುವ ವರ್ಷದ ಬೀಜಕ್ಕಾಗಿ ಒಂದೆರಡು ಬಳ್ಳಿಗಳ ಕಾಯಿಗಳನ್ನು ಬಲಿಯಗೊಡಬೇಕು.

ಅಭ್ಯಾಸ. ಒಂದೇ ದಿನ ಬಿತ್ತಿದ ಎರಡು ಬಳ್ಳಿಗಳನ್ನು ಆರಿಸಿಕೊಳ್ಳಿರಿ. ಒಂದರ ಹೂಗಳನ್ನು ಕೊಯ್ಯುತ್ತಾ, ಮತ್ತೊಂದನ್ನು ಮುಟ್ಟದೆ ಬಿಟ್ಟು, ಎರಡರಲ್ಲಿಯೂ ಅರಳಿದ ಹೂಗಳನ್ನು ಎಣಿಸಿ ದಿನಚರಿಯಲ್ಲಿ ಬರೆದಿಡಿರಿ.