ಗೋಡೆಯ ಮೇಲೆ ಇರುವೆ ಕಾಣುತ್ತವಂತೆ!

ಪ್ರಶ್ನೆ: ಮಗನಿಗೆ ಏಳು ವರ್ಷ. ರಕ್ತದ ಕ್ಯಾನ್ಸರಿಗೆ ಕೀಮೋ ನಡೆಯುತ್ತಿದೆ. ಶ್ವಾಸಕೋಶದಲ್ಲಿ ಫಂಗಸ್ ಇದೆಯೆಂದು ವೊರಿಕೊನಜೋಲ್ ಮಾತ್ರೆ ಕೊಟ್ಟಿದ್ದಾರೆ. ಅದನ್ನು ನುಂಗಿದ ಮೇಲೆ ಗೋಡೆ ತುಂಬ ಇರುವೆ ಹರಿದಾಡುತ್ತಿವೆ ಅನ್ನುತ್ತಾನೆ. ನಾಲ್ಕು ದಿನದಿಂದ ಮಲ ಹೋಗಿಲ್ಲ, ಪಾದ ಎಳೆದುಕೊಂಡು ನಡೆಯುತ್ತಾನೆ. ಕಾಯಿಲೆ ಮಿದುಳಿಗೆ ಏರಿತೇ? ಅತ್ತೆಯವರು ದೃಷ್ಟಿ ತೆಗೆಸೋಣ ಅನ್ನುತ್ತಾರೆ. ಮಾತ್ರೆ ನಿಲ್ಲಿಸಲೇ?
– ಹೆಸರು ಬೇಡ, ಹಾವೇರಿ

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ ತಾಯಿ, ಫಂಗಸ್ ಸೋಂಕು ಈ ಮಕ್ಕಳ ಜೀವಕ್ಕೇ ಎರವಾಗಬಲ್ಲದು. ಹಾಗೆಂದು ಮುಂದಿನ ಭೇಟಿಯವರೆಗೆ ಕಾಯಲೂಬೇಡಿ. ಇವತ್ತೇ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ, ಮುಂದಿನ ಮಾತ್ರೆ ಕೊಡಬೇಕೇ ಎಂದು ಕೇಳಿ, ಮಗುವನ್ನು ತೋರಿಸಿ.

ಇಲ್ಲದ್ದು ಕಾಣುವುದು, ಬಣ್ಣ ಬದಲಾದಂತೆ ತೋರುವುದು, ಬೆಳಕು ಮಿಂಚುವುದು ವೊರಿಕೊನಜೋಲ್‌ನ ಪರಿಚಿತ ಅಡ್ಡಪರಿಣಾಮಗಳು. ಡೋಸ್ ಸರಿಪಡಿಸಿದರೆ ಅಥವಾ ಔಷಧಿ ಬದಲಿಸಿದರೆ ಸಾಮಾನ್ಯವಾಗಿ ಹೋಗುತ್ತವೆ. ಒಂದೇ ತೂಕದ ಇಬ್ಬರು ಮಕ್ಕಳಿಗೆ ಒಂದೇ ಡೋಸ್ ಕೊಟ್ಟರೂ ರಕ್ತದಲ್ಲಿ ಅದರ ಮಟ್ಟ ಬೇರೆಬೇರೆ. ಮುಂದಿನ ಡೋಸಿಗೆ ಮುಂಚೆ ರಕ್ತ ತೆಗೆದು ನೋಡಿದಾಗ ಲೀಟರಿಗೆ 5.5 ಮಿಲಿಗ್ರಾಂ ದಾಟಿದ್ದರೆ ಇಂಥ ತೊಂದರೆಯ ಸಂಭವ ಹೆಚ್ಚು. ಈ ಪರೀಕ್ಷೆ ಆಗಿದೆಯೇ, ಕೇಳಿ. ಮಿದುಳಿನ ಸ್ಕ್ಯಾನ್ ಬೇಕೇ ಎಂಬುದನ್ನು ಅವರು ಮಗುವನ್ನು ನೋಡಿ ಹೇಳುತ್ತಾರೆ.

ಇರುವೆಗಿಂತ ನನಗೆ ಕಾಲು, ಹೊಟ್ಟೆಯದೇ ಹೆಚ್ಚು ಯೋಚನೆ. ಈ ಕ್ಯಾನ್ಸರಿನ ಮಕ್ಕಳಿಗೆ ಸಾಮಾನ್ಯವಾಗಿ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಇರುತ್ತದೆ. ನಮ್ಮ ಹಿತ್ತಲಿನ ಕಾಶಿ ಕಣಗಿಲೆಯಿಂದಲೇ ಬಂದ ಔಷಧಿ ಅದು. ಒಂಟಿಯಾಗಿಯೂ ನರಗಳಿಗೆ ತೊಂದರೆ ಕೊಡುತ್ತದೆ. ಅದನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವವನ್ನೇ ವೊರಿಕೊನಜೋಲ್, ಇಟ್ರಾಕೊನಜೋಲ್, ಪೊಸಕೊನಜೋಲ್ ತಡೆಯುತ್ತವೆ. ಆಗ ವಿನ್‌ಕ್ರಿಸ್ಟಿನ್ ಮೈಯಲ್ಲೇ ಹೆಚ್ಚು ಹೊತ್ತು ಉಳಿದು ಕರುಳಿನ ಚಲನೆ ನಿಲ್ಲಬಹುದು, ಪಾದ ಜೋಲಬಹುದು, ದವಡೆ ನೋಯಬಹುದು, ರೆಪ್ಪೆ ಇಳಿಯಬಹುದು. ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವುದೂ ಉಂಟು. ಹೀಗಾಗಿ ವಿನ್‌ಕ್ರಿಸ್ಟಿನ್ ಜೊತೆಗೆ ಈ ಫಂಗಸ್ ಔಷಧಿಗಳನ್ನು ಕೊಡುವುದನ್ನು ಆದಷ್ಟು ತಪ್ಪಿಸುತ್ತಾರೆ. ಅವುಗಳ ಬದಲು ಫಂಗಸ್‌ಗೇ ಇರುವ ಮೈಕಾಫಂಜಿನ್ ಅಥವಾ ಲೈಪೋಸೋಮಲ್ ಆಂಫೋಟೆರಿಸಿನ್‌ಗೆ ಬದಲಾಯಿಸುವುದುಂಟು. ಅವು ರಕ್ತನಾಳದ ಮೂಲಕವೇ ಕೊಡಬೇಕಾದವು, ದುಬಾರಿ ಬೇರೆ. ನಿಮ್ಮ ವೈದ್ಯರು ಲೆಕ್ಕ ಹಾಕಿಯೇ ಮಾತ್ರೆ ಕೊಟ್ಟಿರಬಹುದು. ಆದರೂ ಕೊನೆಯ ವಿನ್‌ಕ್ರಿಸ್ಟಿನ್ ಯಾವತ್ತು ಬಿತ್ತು ಎಂದು ಕಡತ ತೋರಿಸಿ ಕೇಳಿ. ಬೇರೆ ಆಸ್ಪತ್ರೆಯಲ್ಲಿ ಮಾತ್ರೆ ಬರೆದಿದ್ದರಂತೂ ಬಿಡಬೇಡಿ.

ಅತ್ತೆಯವರು ದೃಷ್ಟಿ ತೆಗೆದರೆ ನನ್ನ ಅಡ್ಡಿಯಿಲ್ಲ, ಬೂದಿಯನ್ನೋ ಕಷಾಯವನ್ನೋ ಬಾಯಿಗೆ ಹಾಕದಿದ್ದರೆ ಸಾಕು. ಮಲ ಹೋಗಲೆಂದು ಮನೆಯಲ್ಲಿ ಎನಿಮಾ ಕೊಡಬೇಡಿ. ಬಿಳಿ ರಕ್ತಕಣ ಇಳಿದಿರುವಾಗ ಅದರಿಂದಲೇ ಸೋಂಕು ಹತ್ತೀತು. ಹೊಟ್ಟೆ ಉಬ್ಬಿ ವಾಂತಿಯಾದರೆ, ಮಂಪರು ಕವಿದರೆ, ಫಿಟ್ಸ್ ಬಂದರೆ ಫೋನಿಗೂ ಕಾಯದೆ ಹತ್ತಿರದ ಆಸ್ಪತ್ರೆಗೆ ಓಡಿ, ಮಾತ್ರೆಯ ಚೀಟಿ ಜೊತೆಗಿರಲಿ.